ಮೆಲ್ಲಪ್ಪನ ಕ್ಯಾಲ್ಸಿಯಂ

ಅವರು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದರು. ಒಮ್ಮೆ ಮಾತ್ರ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಒಳಗೇ ಉಂಡೆಯಾಗಿ ಉರುಳಬೇಕು. ಬೇಗ ಒಡೆದರೆ ಹಸಿ, ತೀರಾ ತಡವಾದರೆ ಕೌಟು. ಎಲ್ಲರೂ ತಿಂಗಳು ಎಣಿಸಿ ಕಾಯಿ ಇಳಿಸಿದರೆ ಅವರು ಕಿವಿಯಿಂದ ಕೇಳಿ ಇಳಿಸುತ್ತಿದ್ದರು. "ಇದಿನ್ನೂ ನೀರು ಕುಡೀತಾ ಐತೆ, ಮಡಗು" ಎಂದು ಒಂದನ್ನು ಹಿಂದಕ್ಕೆ ಕೊಡುವರು. ಇನ್ನೊಂದನ್ನು ಕಿವಿಗಿಟ್ಟು, "ಇದು ಬಾಗ್ಲು ತಟ್ತಾ ಐತೆ, ತೆಗಿ" ಎನ್ನುವರು. ಅವರು ತೆಗಿ ಎಂದ ಕಾಯಿಯಲ್ಲಿ ಹಸಿ ಕೊಬ್ಬರಿ ಸಿಕ್ಕಿದ್ದನ್ನು ನಾನು ನೋಡಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಮದುವೆಯ ಕರೆಯೋಲೆಯಲ್ಲಿ ತಮ್ಮ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿದ್ದಕ್ಕೇ ಮಗನ ಮೇಲೆ ಒಂದು ದಿನ ಮುನಿಸಿಕೊಂಡಿದ್ದ ಹೆಂಗಸು. ಕಿಬ್ಬನಹಳ್ಳಿಯಿಂದ ಒಳಗೆ ಎರಡು ಮೈಲಿ ದೂರದ ನಮ್ಮ ಊರಿನಲ್ಲಿ ತೋಟದಮ್ಮ ಎಂದರೆ ಅವರೇ ಎಂದು ಎಲ್ಲರಿಗೂ ಗೊತ್ತು. ಅಷ್ಟು ಸಾಕು.

ನಾನು ಪಶು ಆಸ್ಪತ್ರೆಗಳಲ್ಲಿ ಮೂವತ್ತೈದು ವರ್ಷ ಕಾಂಪೌಂಡರನಾಗಿದ್ದವನು. ಅದಕ್ಕೂ ಮುಂಚೆ ಮಠದ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಮಲಗಿ ಬೆಳೆದವನು. ಈಗಲೂ ಐದಕ್ಕೆ ಏಳುತ್ತೇನೆ. ಆರೂವರೆಗೆ ನಡಿಗೆ ಶುರು, ಏಳು ಹತ್ತಕ್ಕೆ ಅವರ ತೋಟದ ಗೇಟು. ಗೇಟು ಕಿರ್ರೆಂದರೆ ಒಳಗಿನಿಂದ ಅವರ ದನಿ ಬರುತ್ತಿತ್ತು: "ಡಾಕ್ಟ್ರು ಬಂದ್ರು, ಏಳೂ ಹತ್ತಾಯ್ತು. ಗಡಿಯಾರಕ್ಕೆ ಕೀ ಕೊಡೇ." ಸೊಸೆ ನಗುತ್ತಾ ಕಾಫಿ ತರುವಳು. ನಾನು ಡಾಕ್ಟರಲ್ಲ, ಹಾಗೆ ಕರೆಯಬೇಡಿ ಎಂದು ಮೊದಮೊದಲು ತಿದ್ದುತ್ತಿದ್ದೆ. "ನಮ್ಮ ಪಾಲಿಗೆ ಡಾಕ್ಟ್ರೇ ಬುಡಿ" ಎನ್ನುವರು. ಕ್ರಮೇಣ ತಿದ್ದುವುದನ್ನು ಬಿಟ್ಟೆ. ಅದು ನನ್ನ ಮೊದಲ ತಪ್ಪು ಎಂದು ಈಗ ಅನಿಸುತ್ತದೆ.

ಅವರಿಗೆ ನನ್ನ ಮೇಲೆ ನಂಬಿಕೆ ಬಂದದ್ದು ಒಂದು ಹಸುವಿನಿಂದ. ಕರು ಹಾಕಿದ ಮಾರನೆಯ ದಿನ ಅದು ನೆಲಕ್ಕೆ ಬಿದ್ದು, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು, ಕಿವಿ ತಣ್ಣಗಾಗಿ ಮಲಗಿಬಿಟ್ಟಿತ್ತು. ಹಾಲುಜ್ವರ. ಮೈಯ ಕ್ಯಾಲ್ಸಿಯಮ್ಮೆಲ್ಲ ಹಾಲಿಗೆ ಇಳಿದು ಹೋದರೆ ಹಾಗಾಗುತ್ತದೆ. ನಮ್ಮ ಡಾಕ್ಟರು ಕತ್ತಿನ ನರಕ್ಕೆ ಸೂಜಿ ಹಾಕಿದರು, ನಾನು ಬಾಟಲಿ ಎತ್ತಿ ಹಿಡಿದು ನಿಂತೆ. ಅರ್ಧ ಗಂಟೆಯಲ್ಲಿ ಹಸು ಮೈ ಕೊಡವಿ ಎದ್ದು, ಸಗಣಿ ಹಾಕಿ, ಕರುವನ್ನು ಮೂಸಿತು. ಅವರು ಡಾಕ್ಟರಿಗಲ್ಲ, ಬಾಟಲಿ ಹಿಡಿದವನಿಗೆ ಕೈ ಮುಗಿದರು. "ಅದೇನ್ ಅಮೃತ ಕಣ್ರೀ ಅದ್ರಾಗಿರೋದು?" ಎಂದು ಕೇಳಿದರು. ಕ್ಯಾಲ್ಸಿಯಂ ಎಂದೆ. ಅವರ ಬಾಯಲ್ಲಿ ಆ ಮಾತು ಅಲ್ಲಿಂದ ಕೊನೆಯವರೆಗೂ ಉಳಿಯಿತು. ಮೊಣಕಾಲು ನೋವು ಎಂದವರಿಗೆಲ್ಲ "ಕ್ಯಾಲ್ಸಿಯಂ ತಗಳಿ" ಎಂದು ಹೇಳಿ ಕಳಿಸುತ್ತಿದ್ದರು.

ಒಂದೂವರೆ ವರ್ಷದ ಹಿಂದೆ, ಗಣೇಶನ ಹಬ್ಬ ಕಳೆದ ವಾರ, ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ಮರದ ಮೇಲಿನವನು ಒಣಗಿದ ಗರಿಯೊಂದನ್ನು ಕಡಿದು ಕೆಡವಿದ. ಗರಿಯ ಜೊತೆಗೆ ಹಸಿರು ಬಣ್ಣದ ಏನೋ ಬಿತ್ತು. ಅವನು ಸರಸರನೆ ಇಳಿದು ಬಂದು ಕೋಲೆತ್ತಿಕೊಂಡ.

"ಅಮ್ಮಾವ್ರೇ, ದೂರ ನಿಂತ್ಕಳಿ! ಗೋಸುಂಬೆ! ಉಗುಳಿದ್ರೆ ಮೈಯೆಲ್ಲ ಹುಣ್ಣಾಯ್ತದೆ!"

"ಉಗುಳೋದು ನೀನು ಕಣ್ಲಾ. ದಿನಕ್ಕೆ ಹತ್ತು ಸಲ, ತೋಟದ ತುಂಬ ಎಲೆಡಿಕೆ. ಮಡಗು ಕೋಲ್ನ."

ಸೆರಗನ್ನು ಕೈಗೆ ಸುತ್ತಿಕೊಂಡು ಅವರೇ ಅದನ್ನು ಎತ್ತಿದರು. ಮುಂದಿನ ಬಲಗಾಲು ಮುರಿದು ನೇತಾಡುತ್ತಿತ್ತು. ಮನೆಯ ಪಕ್ಕದ ನಿಂಬೆ ಗಿಡದ ಮೇಲೆ ಬಿಟ್ಟರು. ಅದು ಮೂರು ಕಾಲು ಮತ್ತು ಬಾಲದಿಂದ ಕೊಂಬೆ ಹಿಡಿದು, ಒಂದು ಕಣ್ಣಿನಿಂದ ಅವರನ್ನೂ ಇನ್ನೊಂದರಿಂದ ಆಳನ್ನೂ ನೋಡುತ್ತಾ ಕೂತಿತಂತೆ. ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಅದಕ್ಕೆ ಹೆಸರೂ ಆಗಿತ್ತು. ಮೆಲ್ಲಗೆ ನಡೆಯುವವನು, ಆದ್ದರಿಂದ ಮೆಲ್ಲಪ್ಪ.

"ಇದು ಕಾಡುಪ್ರಾಣಿ. ಸಾಕುವ ಹಾಗಿಲ್ಲ. ಅರಣ್ಯ ಇಲಾಖೆಯವರಿಗೆ ತಿಳಿಸಬೇಕು" ಎಂದೆ.

"ನಾನೆಲ್ಲಿ ಸಾಕ್ತಾ ಇವ್ನಿ? ನಿಂಬೆ ಗಿಡ ಸಾಕ್ತಾ ಐತೆ. ಕಾಲು ಕೂಡ್ಕಂಡ್ರೆ ಅವ್ನೇ ಹೊಯ್ತಾನೆ."

ತಿಳಿಸಬೇಕಾದವನು ನಾನು. ತಿಳಿಸಲಿಲ್ಲ. ಮುರಿದ ಮೂಳೆ ಕಣ್ಣ ಮುಂದೆ ಇತ್ತು, ಮೂಳೆಗೆ ಏನು ಬೇಕೆಂದು ನನಗೆ ಗೊತ್ತಿದೆ ಎಂಬ ಧೈರ್ಯವಿತ್ತು. ನಿವೃತ್ತಿಯಾಗಿ ಏಳು ವರ್ಷ ಯಾರೂ ನನ್ನನ್ನು ಔಷಧಿ ಕೇಳಿರಲಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಎರಡು ದಿನದಲ್ಲಿ ತಿಪಟೂರಿಗೆ ಹೋಗಿ ಬಂದೆ. ಅವರ ಜಗಲಿಯ ಮೇಲೆ ಮೂರು ವಸ್ತು ಸಾಲಾಗಿ ಇಟ್ಟೆ. ದನಗಳಿಗೆ ಬೂಸಾದಲ್ಲಿ ಬೆರೆಸುವ ಖನಿಜ ಮಿಶ್ರಣದ ಪುಡಿ ಒಂದು. ಹಾಲು ಕರೆಯುವ ಹಸುವಿಗೆ ಕುಡಿಸುವ, ಡಿ ವಿಟಮಿನ್ ಸೇರಿದ ಕ್ಯಾಲ್ಸಿಯಂ ದ್ರವ ಇನ್ನೊಂದು. ಹಸುಗೂಸುಗಳಿಗೆ ಕೊಡುವ ವಿಟಮಿನ್ ಹನಿಯ ಚಿಕ್ಕ ಸೀಸೆ ಮತ್ತೊಂದು. ಅವರು ಮೂರನ್ನೂ ನೋಡಿ, ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದು ನಾಲ್ಕನೆಯದಾಗಿ ಪಕ್ಕದಲ್ಲಿಟ್ಟರು. ಮುಚ್ಚಳ ತೆಗೆದರೆ ನುಣ್ಣನೆಯ ಬಿಳಿ ಪುಡಿ.

"ಮೊಟ್ಟೆ ಚಿಪ್ಪು" ಎಂದರು, ತಗ್ಗಿದ ದನಿಯಲ್ಲಿ.

ಲಿಂಗ ಕಟ್ಟಿದ ಮನೆ. ಮೊಟ್ಟೆ ಹೊಸಿಲು ದಾಟುವುದಿಲ್ಲ. ಕಿಬ್ಬನಹಳ್ಳಿ ಬಸ್ ನಿಲ್ದಾಣದ ಎಗ್ ಬೋಂಡಾ ಗಾಡಿಯಿಂದ ಸೊಸೆಯ ಕೈಯಲ್ಲಿ ಚಿಪ್ಪು ತರಿಸಿ, ತೊಳೆದು, ಬಿಸಿಲಿಗೆ ಒಣಗಿಸಿ, ಕೊಟ್ಟಿಗೆಯ ಹತ್ತಿರ ಬೇರೆಯೇ ಕಲ್ಲಿಟ್ಟು ಅರೆದಿದ್ದರು. ಸೊಸೆ ಬಾಗಿಲಲ್ಲಿ ನಿಂತು ದೂರು ಹೇಳಿದಳು: "ಬಸ್ಸಲ್ಲಿ ಎಲ್ಲ ಆ ಕವರನ್ನೇ ನೋಡೋರು ಸಾರ್. ಹಣೆ ಮೇಲೆ ವಿಭೂತಿ ಹಚ್ಕಂಡಿದ್ದೆ ಬೇರೆ. ಮಾನ ಹೋಯ್ತು."

"ಚಿಪ್ಪು ಕಣೇ, ಮೊಟ್ಟೆ ಅಲ್ಲ" ಎಂದು ಅತ್ತೆ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, "ಕೋಳಿ ತಾನಿಕ್ಕಿದ ಚಿಪ್ಪನ್ನ ತಾನೇ ಕುಕ್ಕಿ ತಿಂತದೆ, ನೋಡಿವ್ನಿ. ಅದ್ಕೆ ಸುಣ್ಣ ಬೇಕಂತ ಅದ್ಕೆ ಗೊತ್ತಾಯ್ತದೆ. ಇವ್ನಿಗೂ ಇದಾಗಲ್ವಾ ಡಾಕ್ಟ್ರೇ?"

"ಇದರಲ್ಲಿ ವಿಟಮಿನ್ ಇಲ್ಲ. ಡಿ ವಿಟಮಿನ್ ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ."

"ಬಿಸಿಲೈತಲ್ಲ? ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲು ಕಾಯಿಸ್ತೀವಲ್ಲ, ಮೂಳೆ ಗಟ್ಟಿಯಾಗ್ಲಿ ಅಂತ."

"ಇದು ಕೂಸಲ್ಲ" ಎಂದೆ. ಡಬ್ಬಿಯ ಮುಚ್ಚಳ ಹಾಕಿದೆ.

ನಿಂಬೆ ಗಿಡದ ಮೇಲೆ ಕಾಗೆಯ ಕಾಟ, ಔಷಧಿ ಕೊಡುವುದೂ ಕಷ್ಟ ಎಂದು ಹೇಳಿ, ಸೊಳ್ಳೆ ಪರದೆಯ ಬಟ್ಟೆ ಹೊಡೆದ ಪೆಟ್ಟಿಗೆಯೊಂದನ್ನು ಮಾಡಿಸಿ ಅದನ್ನು ಪಡಸಾಲೆಯ ಒಳಗೆ ಇಡಿಸಿದೆ. ತೂಗಿ ನೋಡಿದೆ, ಅರವತ್ತು ಗ್ರಾಂ. ಮುನ್ನೂರೈವತ್ತು ಕಿಲೋ ಹಸುವಿಗೆ ಇಷ್ಟಾದರೆ ಅರವತ್ತು ಗ್ರಾಮಿಗೆ ಎಷ್ಟು ಎಂದು ಕಾಗದದ ಮೇಲೆ ಭಾಗಿಸಿದೆ. ಬಂದದ್ದು ಒಂದು ಹನಿಯ ಸಣ್ಣದೊಂದು ಚೂರು. ಸೀಸೆಯಿಂದ ಹನಿಯ ಚೂರು ಬೀಳುವುದಿಲ್ಲ. ಒಂದು ಹನಿ ಎಂದು ಬರೆದೆ. ಮಕ್ಕಳ ಸೀಸೆಯಿಂದಲೂ ಒಂದು ಹನಿ. ತಿನ್ನುವ ಮಿಡತೆಗೆಲ್ಲ ಖನಿಜದ ಪುಡಿ. ಹೀಗೆ ನಲವತ್ತೆಂಟು ದಿನ, ಒಂದು ಮಂಡಲ. ನಲವತ್ತೆಂಟು ಮನೆಗಳ ಚೌಕಪಟ್ಟಿಯನ್ನು ಸ್ಕೇಲಿನಿಂದ ಗೆರೆ ಎಳೆದು ಬರೆದು ಗೋಡೆಗೆ ಅಂಟಿಸಿದೆ.

"ತೆಂಗಿನ ಬೇರಿಗೆ ಟಾನಿಕ್ ಕವರ್ ಕಟ್ಟೋ ಹಂಗೆ ಇವನ ಬಾಲಕ್ಕೂ ಒಂದು ಕಟ್ಬುಡಿ, ಸಲೀಸು" ಎಂದು ನಕ್ಕರು. ಆದರೆ ಹೇಳಿದ್ದನ್ನು ತಪ್ಪದೆ ಮಾಡಿದರು. ಹುಟ್ಟಿದಾಗಿನಿಂದ ಹುಳು ಮುಟ್ಟದ ಹೆಂಗಸು ಹುಲ್ಲಿನಲ್ಲಿ ಕೂತು ಮಿಡತೆ ಹಿಡಿದರು. ಅದನ್ನು ಡಬ್ಬಿಯಲ್ಲಿ ಹಾಕಿ ಪುಡಿಯಲ್ಲಿ ಹೊರಳಿಸುವಾಗ, "ಪಾಪ ಬಂದ್ರೆ ಅರ್ಧ ನಂಗೆ, ಅರ್ಧ ಡಾಕ್ಟ್ರಿಗೆ" ಎನ್ನುತ್ತಿದ್ದರು. ಬಾಯಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ತೀಡಿದರೆ ಅದು ಬಾಯಿ ತೆರೆಯುತ್ತದೆ ಎಂದು ಕಂಡುಕೊಂಡವರೂ ಅವರೇ. ಹನಿ ಹಾಕಿದ ಮೇಲೆ ಪಟ್ಟಿಯ ಆ ದಿನದ ಮನೆಗೆ ಕುಂಕುಮದ ಬೊಟ್ಟು ಇಡುವರು.

ಮೂರು ವಾರಕ್ಕೆ ಕಾಲು ಕೂಡಿಕೊಂಡಿತು. ಸ್ವಲ್ಪ ಸೊಟ್ಟಗೆ, ಆದರೆ ಕೊಂಬೆಯನ್ನು ಬಿಗಿಯಾಗಿ ಹಿಡಿಯುತ್ತಿತ್ತು.

"ವಾಸಿಯಾಯ್ತಲ್ಲ, ಬುಟ್ಬುಡಾನ" ಎಂದರು.

"ಮಂಡಲ ಮುಗಿಯಲಿ. ಅರ್ಧಕ್ಕೆ ನಿಲ್ಲಿಸಬಾರದು."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಯೋಚನೆ ಬಂದಾಗ ಹಾಗೆ ಮಾಡುತ್ತಿದ್ದರು. "ಸರಿ, ನೀವು ಹೇಳಿದ ಮೇಲೆ" ಎಂದರು.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಒಂದು ಬೆಳಿಗ್ಗೆ ಗೇಟಿನವರೆಗೆ ಬಂದು ಕಾಯುತ್ತಿದ್ದರು. "ಮೆಲ್ಲಪ್ಪನ ಕತ್ತು ನೋಡಿ. ಮಫ್ಲರ್ ಸುತ್ಕಂಡಂಗೆ ಐತೆ." ನೋಡಿದೆ. ಕತ್ತಿನ ಎರಡೂ ಬದಿ ಮೆತ್ತಗೆ ಉಬ್ಬಿತ್ತು. ತೂಕ ಹಾಕಿದೆ, ಎಂಟು ಗ್ರಾಂ ಹೆಚ್ಚು. "ಮೈ ಹಿಡಿಯುತ್ತಿದೆ" ಎಂದೆ.

"ಮೈ ಹಿಡಿಯೋದಾದ್ರೆ ಕತ್ತಲ್ಲೇ ಯಾಕೆ? ಹಗಲೊತ್ತೂ ಕಣ್ಣು ಮುಚ್ಚೇ ಇರ್ತಾನೆ ಕಣ್ರೀ. ನಾಲಿಗೆ ಚಾಚಿದ್ರೆ ಗುರಿ ತಪ್ತಾ ಐತೆ. ನಂಗ್ಯಾಕೋ ಔಷ್ದಿನೇ ಜಾಸ್ತಿ ಆಯ್ತೇನೋ ಅನ್ಸ್ತದೆ."

ಇಷ್ಟು ಸರಿಯಾಗಿ, ಇಷ್ಟು ಸ್ಪಷ್ಟವಾಗಿ ಹೇಳಿದರು. ಮೂವತ್ತೈದು ವರ್ಷದ ನೌಕರಿಯಲ್ಲಿ ಯಾವ ರೈತನೂ ತನ್ನ ಪ್ರಾಣಿಯ ಲಕ್ಷಣವನ್ನು ನನಗೆ ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ. ನಾನು ಹೇಳಿದ್ದು, "ಸುಸ್ತು. ಹನಿ ಎರಡು ಮಾಡಿ."

ಮೂವತ್ತೊಂಬತ್ತನೆಯ ದಿನ ನಾನು ಹೋದಾಗ ಪಡಸಾಲೆಯಲ್ಲಿ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಅದು ಅವರ ಅಂಗೈಯಲ್ಲಿತ್ತು, ಬೂದಿ ಬಣ್ಣಕ್ಕೆ ತಿರುಗಿ. ಅವರು ಅಳುತ್ತಿರಲಿಲ್ಲ. ಗೋಡೆಯ ಪಟ್ಟಿಯ ಹತ್ತಿರ ಹೋಗಿ, ನಾನು ಗಮನಿಸಿರದ, ಬೊಟ್ಟಿಲ್ಲದ ಎರಡು ಮನೆಗಳ ಮೇಲೆ ಬೆರಳಿಟ್ಟರು.

"ಅರಳಗುಪ್ಪೇಲಿ ತಂಗಿ ಮೊಮ್ಮಗನ ನಾಮಕರಣಕ್ಕೆ ಹೋದ್ನಲ್ಲ, ಎರಡು ದಿನ ಇರಿಸ್ಕಂಡ್ರು. ಇವ್ಳು ಗೋಸುಂಬೆ ಮುಟ್ಟಲ್ಲ. ಎರಡು ದಿನ ತಪ್ಪೋಯ್ತು. ನಿಮಗೆ ಹೇಳೋಕೆ ಹೆದ್ರಿಕೆಯಾಗಿ ಹೇಳ್ಲಿಲ್ಲ. ಅದ್ಕೇ ಹಿಂಗಾಯ್ತಾ ಡಾಕ್ಟ್ರೇ?"

ಆ ಹೊತ್ತಿನಲ್ಲಿ ನನಗೆ ನಿಜ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಒಂದೇ ಪದ. "ಔಷಧಿ ಅಂದ ಮೇಲೆ ತಪ್ಪಿಸಬಾರದು" ಎಂದೆ.

ಅವರು ತಲೆಯಾಡಿಸಿದರು. ನಿಂಬೆ ಗಿಡದ ಬುಡದಲ್ಲಿ ತಾವೇ ಗುಂಡಿ ತೆಗೆದು ಮುಚ್ಚಿದರು. ನನಗೆ ಕಾಫಿ ಕೊಡುವುದನ್ನು ಅವತ್ತೂ ಮರೆಯಲಿಲ್ಲ.

ಮುಂದಿನ ಸಂಕ್ರಾಂತಿ ಕಳೆದ ವಾರ ನಮ್ಮೂರಿನಲ್ಲಿ ನಾಯಿಗಳಿಗೆ ಲಸಿಕೆ ಹಾಕುವ ಶಿಬಿರವಿತ್ತು. ಹೊಸದಾಗಿ ಬಂದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಚಿಕ್ಕನಾಯಕನಹಳ್ಳಿ ಕಡೆಯವಳು. ಹಳೆಯ ಅಭ್ಯಾಸದಿಂದ ನಾನು ಹೋಗಿ ಸೂಜಿ ಜೋಡಿಸಿಕೊಟ್ಟೆ. ಕೆಲಸ ಮುಗಿದ ಮೇಲೆ, ಯಾರೋ ಪರಿಚಯದವರದ್ದು ಎಂಬಂತೆ ಗೋಸುಂಬೆಯ ವಿಷಯ ತೆಗೆದೆ.

"ಕತ್ತು ಊದಿಕೊಂಡಿತ್ತಾ?" ಅದೇ ಅವಳ ಮೊದಲ ಪ್ರಶ್ನೆ. ಹೌದು ಎಂದೆ. ಅವಳು ಕೈ ಒರೆಸಿಕೊಳ್ಳುತ್ತಾ ಹೇಳಿದಳು: "ಓವರ್‌ಡೋಸ್ ಸಾರ್. ಎ ಮತ್ತು ಡಿ ವಿಟಮಿನ್ ಹೆಚ್ಚಾದರೆ ಹೊರಗೆ ಹೋಗಲ್ಲ, ಒಳಗೇ ಕೂಡುತ್ತವೆ. ಅಷ್ಟು ಸಣ್ಣ ಜೀವಕ್ಕೆ ದಿನಾ ಒಂದು ಹನಿ ಅಂದರೆ ವಿಷ. ದನದ ಪುಡಿಯಲ್ಲಿ ರಂಜಕ ಬೇರೆ ಇರುತ್ತೆ, ಅದೂ ಬೇಡ. ಬರೀ ಸುಣ್ಣದ ಅಂಶ ಇದ್ದರೆ ಸಾಕಿತ್ತು. ಮೊಟ್ಟೆ ಚಿಪ್ಪಿನ ಪುಡಿ, ಅಷ್ಟೇ. ಬಿಸಿಲಲ್ಲಿ ಬಿಟ್ಟಿದ್ದರೆ ಡಿ ವಿಟಮಿನ್ ಅದೇ ಮಾಡ್ಕೊಳ್ಳುತ್ತೆ. ಯಾರು ಸಾರ್ ಔಷಧಿ ಕೊಟ್ಟಿದ್ದು?"

"ಯಾರೋ ಕಾಂಪೌಂಡರ್" ಎಂದೆ.

ಅವರ ತೋಟ ಅಲ್ಲಿಂದ ಹತ್ತು ನಿಮಿಷದ ದಾರಿ. ನಾನು ಮನೆಗೆ ಹೋದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮಾರನೆಯ ದಿನ ಅವರಿಗೆ ನೆಗಡಿ, ಅದರ ಮಾರನೆಯ ದಿನ ಮನೆಗೆ ನೆಂಟರು. ಮುಂದೆ ಒಂದು ಹಂತದಲ್ಲಿ, ಮುಗಿದ ವಿಷಯವನ್ನು ಕೆದಕಿ ಅವರಿಗೆ ಯಾಕೆ ನೋವು ಕೊಡಬೇಕು ಎಂದು ನನಗೆ ನಾನೇ ಹೇಳಿಕೊಳ್ಳತೊಡಗಿದೆ. ಅದು ಅವರ ಮೇಲಿನ ಕರುಣೆ ಎಂದು ನಂಬಿದ್ದೆ ಕೂಡ.

ಆ ವರ್ಷ ಕಾಯಿ ಇಳಿಸುವ ಕಾಲ ಬಂತು. ಒಂದು ಬೆಳಿಗ್ಗೆ ಅವರು ಅಟ್ಟದ ಏಣಿಯ ಕೆಳಗೆ ಕ್ಯಾಲೆಂಡರ್ ಹಿಡಿದು ನಿಂತಿದ್ದರು. ಮೊಳೆ ಹೊಡೆದು ಅಲ್ಲೇ ನೇತುಹಾಕಬೇಕಂತೆ.

"ಈ ಕಾಯಿ ಅಟ್ಟಕ್ಕೆ ಹಾಕಿದ್ದು ಯುಗಾದಿ ಹಿಂದಿನ ವಾರ. ಎಷ್ಟು ದಿನ ಆಯ್ತು ಲೆಕ್ಕ ಹಾಕಿ ಹೇಳಿ ಡಾಕ್ಟ್ರೇ."

"ನೀವು ಕಿವಿಗಿಟ್ಟು ನೋಡುತ್ತಿದ್ದಿರಲ್ಲ?"

"ನಮ್ಮ ಅಂದಾಜು ನಂಬ್ಕಂಡು ಕೂತ್ರೆ ಆಯ್ತದಾ? ಮೆಲ್ಲಪ್ಪನ ಹತ್ರ ಹಂಗೇ ಮಾಡಿದ್ನಲ್ಲ. ಔಷ್ದಿ ಜಾಸ್ತಿ ಆಯ್ತು ಅಂತ ಮನಸ್ಸಲ್ಲಿ ಒಂದು ಹೊಕ್ಕಂಡಿತ್ತು. ಅದ್ಕೇ ಅರಳಗುಪ್ಪೇಲಿ ಎರಡು ದಿನ ಉಳಕಂಡಾಗ ಅಯ್ಯೋ ಅಂತ ಅನ್ನಿಸ್ಲೇ ಇಲ್ಲ. ಬೇಕಂತ್ಲೇ ಬುಟ್ಟಂಗಾಯ್ತು. ಒಂದು ಜೀವ ಹೋಯ್ತು. ನಂಗೇನೂ ತಿಳಿಯಲ್ಲ ಬುಡಿ. ನೀವು ದಿನ ಹೇಳಿ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದೂ ಇರಲಿಲ್ಲ. ಪಕ್ಕದಲ್ಲಿ ಯಾರೂ ಇರಲಿಲ್ಲ, ಕೆಲಸಕ್ಕೆ ಅವಸರವಿರಲಿಲ್ಲ, ಮಾತು ತಾನಾಗಿ ಅಲ್ಲಿಗೇ ಬಂದು ನಿಂತಿತ್ತು. ನಾನು ಯುಗಾದಿಯಿಂದ ತಿಂಗಳು ತಿಂಗಳಾಗಿ ದಿನ ಎಣಿಸಿ ಹೇಳಿದೆ.

ಆ ವರ್ಷ ಅವರ ಕೊಬ್ಬರಿಯಲ್ಲಿ ಹಸಿ ಬಂತು ಎಂದು ಕೇಳಿದೆ. ತುಂಬ ಅಲ್ಲ, ಎಲ್ಲರ ಮನೆಯಲ್ಲೂ ಬರುವಷ್ಟು.

ಕೊನೆಗೆ ಹೃದಯದ ತೊಂದರೆ. ತಿಪಟೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಹೋದರು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಹೋಗಿದ್ದೆ. ಪಂಕ್ತಿ ಮುಗಿದು ಜನ ಚದುರಿದ ಮೇಲೆ ಸೊಸೆ ಕೊಟ್ಟಿಗೆಯ ಹತ್ತಿರ ದೊಡ್ಡ ಪಾತ್ರೆಗಳನ್ನು ಉಜ್ಜುತ್ತಿದ್ದಳು. ಅತ್ತು ಅತ್ತು ದನಿ ಒಡೆದಿತ್ತು.

"ಕೊನೇ ದಿನಗಳಲ್ಲಿ ಮಾತ್ರೆ ಒಳಗೋದ್ರೆ ವಾಂತಿ ಬರೋದು ಸಾರ್ ಅವ್ರಿಗೆ. ಆಸ್ಪತ್ರೆ ಡಾಕ್ಟ್ರು ಬರೋಗಂಟ ಒಂದು ಹೊತ್ತು ಬುಡಿ ಅತ್ತೆ ಅಂದ್ರೆ ಕೇಳ್ತಾನೇ ಇರ್ಲಿಲ್ಲ. ಎರಡು ದಿನ ಬುಟ್ಟಿದ್ಕೇ ಮೆಲ್ಲಪ್ಪ ಹೋದ, ನನ್ನ ಕೈಯಾರ ಹೋದ ಕಣೇ, ಅನ್ನೋರು. ವಾಂತಿ ಮಾಡ್ಕಂಡು ಮತ್ತೆ ನುಂಗೋರು."

ಆಗ ಹೇಳಿದೆ. ಹನಿಯ ಲೆಕ್ಕ, ಕತ್ತಿನ ಊತ, ಎರಡು ಮಾಡಿ ಎಂದದ್ದು, ಲಸಿಕೆ ಶಿಬಿರದ ಡಾಕ್ಟರು ಹೇಳಿದ್ದು, ಒಂದನ್ನೂ ಬಿಡಲಿಲ್ಲ. ನಿಮ್ಮತ್ತೆ ಬಿಟ್ಟ ಆ ಎರಡು ದಿನ ಮಾತ್ರ ಅದರ ಮೈಗೆ ವಿಷ ಬೀಳಲಿಲ್ಲ ಎಂದೂ ಹೇಳಿದೆ. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಕೋಪ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ.

"ನಿಮಗೆ ಇದು ಗೊತ್ತಾಗಿದ್ದು ಯಾವಾಗ ಸಾರ್?"

"ಹೋದ ವರ್ಷ ಸಂಕ್ರಾಂತಿ ಕಳೆದ ವಾರ."

ಅವಳು ಒದ್ದೆ ಕೈಯ ಹಿಂಬದಿಯಿಂದ ಹಣೆಯ ಕೂದಲನ್ನು ಸರಿಸಿಕೊಂಡು ನನ್ನನ್ನು ನೋಡಿದಳು.

"ಆಮೇಲೂ ದಿನಾ ಬತ್ತಿದ್ರಲ್ಲ ಸಾರ್" ಎಂದಳು.

ಹೌದು ಎಂದೆ.